ಆನೆ ಹಿಡಿಸದ ಪರದೆ

‘ಇದರಲ್ಲಿ ಆನೆ ಎಲ್ಲಿ ನಿಲ್ಲುತ್ತಮ್ಮಾ?’ ನನ್ನ ಮೊಬೈಲ್ ಹಿಡಿದು ತಾತ ಕೇಳಿದ್ದು ಇದನ್ನೇ. ನಮ್ಮದು ಗುಬ್ಬಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು. ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ ಕತೆ ಕೇಳಿ ಬೆಳೆದವಳು ನಾನು. ಈಗ ಬರೆಯುತ್ತಿರುವುದು ಮಾತ್ರ ಅಂಗೈಯಲ್ಲಿ ನಿಲ್ಲಿಸಿ ಹಿಡಿದ ಪರದೆಗೆ, ಒಂದೂವರೆ ನಿಮಿಷದ ಕಂತು!

ತುಮಕೂರಿನಲ್ಲಿ ಬಿ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಕುಣಿಗಲ್ಲಿನ ಗೆಳತಿ ಈ ಹುಚ್ಚು ಹಿಡಿಸಿದಳು. ಚೀನಾದಲ್ಲಿ ಜೋರಾಗಿ ಬೆಳೆದು, ಕುಕು ಟಿವಿಯಂಥ ಆ್ಯಪ್‌ಗಳಲ್ಲಿ ನಮ್ಮಲ್ಲೂ ಓಡುತ್ತಿರುವ ‘ವರ್ಟಿಕಲ್ ಡ್ರಾಮಾ’ಗಳಿವು. ಒಂದು ಕತೆಗೆ ಐವತ್ತು, ಅರವತ್ತು ಕಂತು. ಸಾಮಾನ್ಯವಾಗಿ ಮೊದಲ ಕೆಲವು ಪುಕ್ಕಟೆ, ಆಮೇಲೆ ದುಡ್ಡು. ಪುಕ್ಕಟೆ ಮುಗಿಯುವ ಆ ಜಾಗದಲ್ಲೇ ಬರೆಯುವವರ ನಿಜವಾದ ಪರೀಕ್ಷೆ.

ಮೊದಲ ಕಂತನ್ನು ಕುಣಿಗಲ್ ದೊಡ್ಡಕೆರೆ ಏರಿಯ ಮೇಲೆ ನಾವೇ ಚಿತ್ರಿಸಿದೆವು. ಜಮೀನಿನ ಜಗಳ, ಏಳು ಪಾತ್ರ. ನೋಡಿದರೆ ಅಷ್ಟು ದೊಡ್ಡ ಕೆರೆ ಒಂದು ನೀಲಿ ಪಟ್ಟಿ! ಏಳು ಜನರಲ್ಲಿ ಐವರು ಚೌಕಟ್ಟಿನಾಚೆ. ಅಕ್ಕಪಕ್ಕ ನಿಂತ ಅಕ್ಕತಂಗಿಯರೂ ಅರ್ಧರ್ಧ ಮುಖ. ಒಬ್ಬಳ ಹಿಂದೆ ಇನ್ನೊಬ್ಬಳನ್ನು ನಿಲ್ಲಿಸಿದಾಗ ಇಬ್ಬರೂ ಸಿಕ್ಕರು. ಜತೆಗೆ, ಹಿಂದಿದ್ದವಳು ಕದ್ದು ಕೇಳಿಸಿಕೊಂಡಂತೆ ಕಂಡು ಕತೆಯೂ ತಿರುಗಿತು. ಅಂದಿನಿಂದ ಮಾತು ಬರೆಯುವ ಮುಂಚೆ ಯಾರು ಯಾರ ಬೆನ್ನ ಹಿಂದಿದ್ದಾರೆ ಎಂದು ಬರೆದುಕೊಳ್ಳುತ್ತೇನೆ. ಪೀಠಿಕೆಯಂತೂ ಬೇಡವೇ ಬೇಡ, ನೋಡುವವರ ಹೆಬ್ಬೆರಳು ಕಾಯುವುದಿಲ್ಲ.

ಕೆಲಸ ಕೇಳಿ ಹೋದಾಗ ಒಬ್ಬರು ‘ಸ್ಯಾಂಪಲ್‌ಗೆ ಹತ್ತು ಕಂತು ಕೊಡಿ’ ಎಂದರು. ವಾರವಿಡೀ ನಿದ್ದೆಗೆಟ್ಟು ಬರೆದೆ. ಕಳಿಸಿದ ಮೇಲೆ ಫೋನೇ ಎತ್ತಲಿಲ್ಲ. ಹಣ ಹೋಗಲಿ, ಆ ಅಕ್ಕತಂಗಿಯರು ಈಗ ಯಾರ ಹೆಸರಲ್ಲಿದ್ದಾರೋ ಎಂಬ ಸಂಕಟ ಇನ್ನೂ ಇದೆ. ಹೊಸಬರು ದಯವಿಟ್ಟು ಕೇಳಿ: ಒಂದು ಪುಟದ ಕಥಾಸಾರ, ಎರಡು ಕಂತು, ಅಷ್ಟೇ ಕೊಡಿ. ಕಳಿಸಿದ ಇಮೇಲ್ ಅಳಿಸಬೇಡಿ. ಕಂತಿಗೆ ಎಷ್ಟು, ಹೆಸರು ಹಾಕುತ್ತಾರಾ, ತಿದ್ದುಪಡಿ ಎಷ್ಟು ಸಲ ಎಂಬುದು ಬರಹದಲ್ಲಿ ಬಂದ ಮೇಲೆ ಉಳಿದದ್ದು. ಕೇಳಲು ನಾಚಿಕೆಯಾಗುತ್ತದೆ, ನಿಜ. ನನಗೂ ಆಗಿತ್ತು.

ಈಗ ಇನ್ನೊಂದು ಕಡೆಗೆ ಬರೆಯುತ್ತಿದ್ದೇನೆ, ಕಂತಿನ ಲೆಕ್ಕದಲ್ಲಿ ಹಣ ಬರುತ್ತಿದೆ. ಮೊನ್ನೆ ತಾತನಿಗೆ ಹನ್ನೊಂದನೇ ಕಂತು ಓದಿ ಹೇಳಿದೆ. ಬಾಗಿಲು ಬಡಿದ ಸದ್ದಿಗೆ ಕಂತು ಮುಗಿಯುತ್ತದೆ. ‘ಯಾರಮ್ಮಾ ಬಂದಿದ್ದು?’ ಎಂದರು.

ಹನ್ನೆರಡನೆಯದು ನಾನಿನ್ನೂ ಬರೆದಿರಲಿಲ್ಲ.