ಗೋಲು ಹೊಡೆಯದವರ ಸಂಬಳ

ಫುಟ್‌ಬಾಲ್ ಆಟಗಾರರ ಸಂಬಳ ನಮಗೆಲ್ಲ ಗೊತ್ತು. ಕ್ಲಬ್ ನಡೆಸುವವರ ಸಂಬಳ ತಿಳಿಯಬೇಕಾದರೆ ವಾರ್ಷಿಕ ಲೆಕ್ಕಪತ್ರ ತೆರೆಯಬೇಕು. ಲಂಡನ್ನಿನ ಟೋಟನ್‌ಹ್ಯಾಮ್ ಕ್ಲಬ್ಬಿನ 2017-18ರ ಲೆಕ್ಕದಲ್ಲಿ ಅಧ್ಯಕ್ಷ ಡೇನಿಯಲ್ ಲೆವಿ ಅವರಿಗೆ 60 ಲಕ್ಷ ಪೌಂಡ್. ಅದರಲ್ಲಿ ಅರ್ಧ ಹೊಸ ಕ್ರೀಡಾಂಗಣದ ಬೋನಸ್. 2018ರಲ್ಲೇ ತೆರೆಯಬೇಕಿದ್ದ ಅಲ್ಲಿ ಮೊದಲ ಲೀಗ್ ಪಂದ್ಯ ನಡೆದದ್ದು 2019ರ ಏಪ್ರಿಲ್‌ನಲ್ಲಿ! ನಮ್ಮ ಅಬ್ಬಾ ಮೇಸ್ತ್ರಿಗೆ ಕೊನೆಯ ಕಂತು ಕೊಟ್ಟದ್ದು ಮನೆ ಕೆಲಸ ಮುಗಿದ ಮೇಲೆ.

ಆ ವರ್ಷ ಕ್ಲಬ್ಬಿಗೆ ತೆರಿಗೆ ಕಳೆದು 11.3 ಕೋಟಿ ಪೌಂಡ್ ಲಾಭ, ನಿಜ. ಟ್ರೋಫಿ ಒಂದೂ ಇಲ್ಲ. ಲಾಭಕ್ಕೆ ದುಡಿದವರಿಗೆ ಕೊಡಲಿ, ಆದರೆ ಸಂಬಳ ಒಪ್ಪುವವರು ಯಾರು? ಮಾಲೀಕ ಕಂಪನಿಯಲ್ಲಿ ಲೆವಿ ಕುಟುಂಬಕ್ಕೂ ಪಾಲಿತ್ತು. ಟಿಕೆಟ್ ಕೊಂಡವರಿಗೆ ಮತವಿರಲಿಲ್ಲ. ಜರ್ಮನಿಯ ಬಹುತೇಕ ಕ್ಲಬ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ.