ಘಾಟಿಗೆ ಹುಳ ಓಡುತ್ತದೆಯೇ?

ಸುಗ್ಗಿ ಮುಗಿದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ವರ್ಷದ ಕಾಳು ಕಟ್ಟಿಡುವ ಕೆಲಸ ಶುರುವಾಗುತ್ತದೆ. ರಾಗಿ ಮೂಟೆಗೆ, ಅವರೆ, ತೊಗರಿ, ಹುರುಳಿ, ಅಲಸಂದೆ ಡ್ರಮ್ಮಿಗೆ. ಮುಚ್ಚಳ ಹಾಕುವ ಮುಂಚೆ ಒಂದು ಹಿಡಿ ಬೇವಿನ ಸೊಪ್ಪು, ನಾಲ್ಕು ಒಣಮೆಣಸಿನಕಾಯಿ, ಕೆಲವು ಮನೆಗಳಲ್ಲಿ ಒಂದು ತುಂಡು ಬಜೆ ಅದರೊಳಗೆ ಬೀಳುತ್ತವೆ. ಯಾಕೆಂದು ಕೇಳಿದರೆ ಉತ್ತರ ಒಂದೇ: ‘ಘಾಟಿಗೆ ಹುಳ ಓಡಿಹೋಗುತ್ತೆ.’ ಯುಗಾದಿ ಕಳೆದು ಡ್ರಮ್ಮು ತೆರೆದಾಗ ಎಷ್ಟೋ ಮನೆಗಳಲ್ಲಿ ಕಾಳಿನ ತುಂಬ ತೂತು, ತಳದಲ್ಲಿ ಹಿಟ್ಟು, ಒಣಗಿದ ಸೊಪ್ಪಿನ ಮೇಲೇ ಹರಿದಾಡುವ ಕಂದು ಹುಳ.

ಹುಳಕ್ಕೆ ವಾಸನೆ ತಿಳಿಯುವುದಿಲ್ಲ ಎಂದಲ್ಲ. ಅದರ ಬದುಕೆಲ್ಲ ವಾಸನೆಯ ಮೇಲೇ ನಿಂತಿದೆ. ಆದರೆ ನಮಗೆ ಘಾಟು ಅನ್ನಿಸಿದ್ದು ಅದಕ್ಕೂ ಘಾಟಾಗಬೇಕಿಲ್ಲ, ಘಾಟಾದರೂ ಅದು ಓಡಿಹೋಗಬೇಕಿಲ್ಲ.

ಹುಳಕ್ಕೆ ಮೂಗಿಲ್ಲ, ಅದು ವಾಸನೆ ಹಿಡಿಯುವುದು ಮೀಸೆಯಿಂದ. ಅಕ್ಕಿಯ ಮೂತಿಹುಳು, ಭತ್ತ-ಗೋಧಿ ಕೊರೆಯುವ ಹುಳು, ಹಿಟ್ಟಿಗೆ ಬೀಳುವ ಕೆಂಪು ಹುಳು, ಈ ಮೂರರಲ್ಲೂ ಗಂಡು ಒಂದು ವಾಸನೆ ಬಿಡುತ್ತದೆ. ಅದಕ್ಕೆ ಹೆಣ್ಣು ಮಾತ್ರವಲ್ಲ, ಬೇರೆ ಗಂಡುಗಳೂ ಬಂದು ಸೇರುತ್ತವೆ. ಮೂಟೆಯ ಒಂದು ಮೂಲೆಯಲ್ಲಿ ಮಾತ್ರ ಹುಳ ಕಿಕ್ಕಿರಿದಿರುವುದಕ್ಕೆ ಇದೂ ಒಂದು ಕಾರಣ. ಹಿಟ್ಟಿನ ಹುಳು ಹೆಚ್ಚಾದಾಗ ಕ್ವಿನೋನ್ ಎಂಬ ಕಟುವಾದ ರಾಸಾಯನಿಕವನ್ನೂ ಸ್ರವಿಸುತ್ತದೆ. ಹಿಟ್ಟು ಕೊಂಚ ಕೆಂಪಗಾಗಿ ಕೆಟ್ಟ ವಾಸನೆ ಹೊಡೆಯುವುದು ಅದರಿಂದಲೇ.

‘ಕಾಳಿನೊಳಗೇ ಹುಳ ತಾನಾಗಿ ಹುಟ್ಟುತ್ತೆ’ ಎನ್ನುವ ಮಾತೂ ಹಳ್ಳಿಗಳಲ್ಲಿ ಉಳಿದಿದೆ. ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ, ಯಾಕೆಂದರೆ ಬೇಳೆಕಾಳಿನ ಹುಳ ಬಹಳ ಸಲ ಹೊಲದಲ್ಲೇ ಕಾಯಿಗೆ ಮೊಟ್ಟೆಯಿಟ್ಟು ಕಾಳಿನ ಜೊತೆ ಮನೆಗೆ ಬಂದಿರುತ್ತದೆ. ಅಲಸಂದೆಯ ಒಂದು ಕಾಳನ್ನು ಬಿಸಿಲಿಗೆ ಹಿಡಿದು ನೋಡಿದರೆ ಸಿಪ್ಪೆಗೆ ಅಂಟಿದ ಸಣ್ಣ ಚುಕ್ಕೆ ಕಾಣುತ್ತದೆ. ಚುಕ್ಕೆ ಪಾರದರ್ಶಕವಾಗಿದ್ದರೆ ಮೊಟ್ಟೆ ಇನ್ನೂ ಒಡೆದಿಲ್ಲ. ಅಚ್ಚ ಬಿಳಿಯಾಗಿದ್ದರೆ ಮರಿ ಮೊಟ್ಟೆಯ ಅಡಿಯಿಂದ ನೇರವಾಗಿ ಕಾಳಿನೊಳಕ್ಕೆ ಕೊರೆದು ಹೋಗಿದೆ, ಕೊರೆದ ಪುಡಿ ಖಾಲಿ ಮೊಟ್ಟೆಯಲ್ಲಿ ತುಂಬಿಕೊಂಡಿದೆ. ಮೂರು ನಾಲ್ಕು ವಾರ ಅದು ಕಾಳಿನೊಳಗೇ ತಿಂದು ಬೆಳೆದು, ಗುಂಡನೆಯ ಕಿಂಡಿ ಕೊರೆದು ಹೊರಬರುತ್ತದೆ. ಹೊರಬಂದ ಹುಳ ಬದುಕುವುದು ಒಂದೆರಡು ವಾರ. ಡ್ರಮ್ಮಿನೊಳಗೆ ಅದು ಏನನ್ನೂ ತಿನ್ನದೆ, ಜೊತೆ ಹುಡುಕಿ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯಿಡುವ ಮುಂಚೆ ಹೆಣ್ಣು ಕಾಳನ್ನು ಸವರಿ ನೋಡುತ್ತದೆ. ಇನ್ನೊಂದು ಹೆಣ್ಣು ಬಿಟ್ಟುಹೋದ ಗುರುತು ತಿಳಿದರೆ ಸಾಧ್ಯವಾದಷ್ಟೂ ಬೇರೆ ಕಾಳಿಗೆ ಹೋಗುತ್ತದೆ.

ಬೇವಿನ ಸೊಪ್ಪು ಕೈಕೊಡುವುದು ಇಲ್ಲೇ. ಬೇವಿನ ಮುಖ್ಯ ಶಕ್ತಿ ಅಜಾಡಿರಾಕ್ಟಿನ್. ಅದು ಗಾಳಿಯಲ್ಲಿ ಹರಡುವ ವಸ್ತುವಲ್ಲ, ಹುಳ ಅದನ್ನು ತಿನ್ನಬೇಕು ಅಥವಾ ಅದು ಹುಳದ ಮೈಗೆ ತಾಗಬೇಕು. ಮರಿ ಇರುವುದು ಕಾಳಿನೊಳಗೆ, ದೊಡ್ಡ ಹುಳ ಏನೂ ತಿನ್ನುವುದಿಲ್ಲ. ಅದೂ ಅಲ್ಲದೆ ಅಜಾಡಿರಾಕ್ಟಿನ್ ಹೆಚ್ಚಾಗಿರುವುದು ಬೀಜದಲ್ಲಿ, ಎಲೆಯಲ್ಲಲ್ಲ. ಸೊಪ್ಪಿಗಿರುವ ಅಷ್ಟಿಷ್ಟು ವಾಸನೆಯೂ ಒಣಗುತ್ತ ಹೋದಂತೆ ಇಳಿಯುತ್ತದೆ.

ಆದರೆ ಬೇವಿನೆಣ್ಣೆಯ ಕತೆಯೇ ಬೇರೆ. ಒಂದು ಕಿಲೋ ಕಾಳಿಗೆ 5ರಿಂದ 10 ಮಿಲಿಲೀಟರ್ ಎಣ್ಣೆ ಸವರಿಟ್ಟರೆ ಹುಳದ ಕಾಟ ನಿಜಕ್ಕೂ ತಗ್ಗುತ್ತದೆ. ಅಷ್ಟೇ ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಸವರಿದರೂ ಹೆಚ್ಚುಕಡಿಮೆ ಅದೇ ಫಲ. ಎಣ್ಣೆಯ ತೆಳು ಪದರ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ. ಹರಳೆಣ್ಣೆ ಸವರಿ ತೊಗರಿ ಕಾಪಾಡಿದ ಅಜ್ಜಿಯರ ಪದ್ಧತಿ ಸರಿಯಾಗಿಯೇ ಇತ್ತು, ಅದಕ್ಕೆ ಕೊಡುವ ವಾಸನೆಯ ಕಾರಣವಷ್ಟೇ ತಪ್ಪು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೀಜಕ್ಕೆ ಬೂದಿ ಬೆರೆಸುವುದು ಕೂಡ ಇದೇ ಸಾಲಿಗೆ ಸೇರಿದವು. ನುಣ್ಣನೆಯ ಪುಡಿ ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ಕೆಡಿಸುತ್ತದೆ, ಮೈಯ ನೀರು ಆರಿ ಹುಳ ಸಾಯುತ್ತದೆ.

ಒಣಮೆಣಸಿನಕಾಯಿಯ ಮಾತು ಬೇಗ ಮುಗಿಯುತ್ತದೆ. ಅದರ ಖಾರ ಬಾಯಿಗೆ ಸೇರಿದ್ದು. ಕ್ಯಾಪ್ಸೈಸಿನ್ ಡಬ್ಬದೊಳಗೆ ಆವಿಯಾಗಿ ಹರಡುವುದಿಲ್ಲ. ಸಿಗರೇಟ್ ಬೀಟಲ್ ಎಂಬ ಪುಟ್ಟ ಹುಳವಂತೂ ಒಣಮೆಣಸಿನಕಾಯಿಯನ್ನೇ ಕೊರೆದು, ತಿಂದು, ಅದರೊಳಗೇ ಸಂಸಾರ ಹೂಡುತ್ತದೆ. ಅರಿಶಿನ, ಕೊತ್ತಂಬರಿ ಬೀಜವನ್ನೂ ಅದು ಬಿಡುವುದಿಲ್ಲ.

ಬಜೆ ಮಾತ್ರ ಹಾಗಲ್ಲ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಿಂದ ಉತ್ತರಕ್ಕೆ ಹೋದರೆ ಸಿಗುವ ಕೊರಟಗೆರೆ ಸೀಮೆ ಬಜೆ ಬೆಳೆಗೆ ಹೆಸರಾದದ್ದು. ಬಜೆ ಗೆಡ್ಡೆಯ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಆವಿಯಾಗಿ ಹರಡುತ್ತದೆ. ಆ ಆವಿ ತಗುಲಿದ ಹುಳ ಮೊಟ್ಟೆಯಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಹಿರಿಯರ ನಂಬಿಕೆಗೆ ಇಲ್ಲಿ ಗಟ್ಟಿ ಆಧಾರವಿದೆ. ಆದರೆ ಅದೇ ಅಸರೋನ್ ಇಲಿಗಳಲ್ಲಿ ಗಡ್ಡೆ ಬೆಳೆಸಿದ್ದರಿಂದ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಬಜೆ ಪುಡಿ ಬೆರೆಸುವುದಿದ್ದರೆ ಬಿತ್ತನೆ ಬೀಜಕ್ಕೆ ಬೆರೆಸಬೇಕು, ಉಣ್ಣುವ ಕಾಳಿಗೆ ಬೇಡ.

ಲವಂಗದೆಣ್ಣೆ, ನೀಲಗಿರಿ ಎಣ್ಣೆಗಳೂ ಪ್ರಯೋಗಾಲಯದ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಹುಳ ಕೊಲ್ಲುತ್ತವೆ. ಗೋಣಿಚೀಲದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಆವಿ ಹೊರಗೆ ಹೋಗುತ್ತದೆ, ಉಳಿದದ್ದನ್ನು ಕಾಳು ಹೀರಿಕೊಳ್ಳುತ್ತದೆ. ಕೊನೆಗೆ ಹುಳಿಸಾರು ಲವಂಗದ ವಾಸನೆ ಹೊಡೆಯುತ್ತದೆ, ಹುಳ ಆರಾಮವಾಗಿರುತ್ತದೆ.

‘ರಾಗಿಗೆ ಹುಳ ಬೀಳೋದೇ ಇಲ್ಲ’ ಎನ್ನುವುದು ಮುಕ್ಕಾಲು ಪಾಲು ನಿಜ. ಮೂತಿಹುಳುವಿನ ಮರಿ ಬೆಳೆಯಲು ಅಷ್ಟು ಸಣ್ಣ ಕಾಳಿನಲ್ಲಿ ಜಾಗವಿಲ್ಲ. ಆದರೆ ಅಕ್ಕಿ ಪತಂಗ ರಾಗಿಗೂ ಬೀಳುತ್ತದೆ, ಅದರ ಮರಿ ಕಾಳನ್ನು ನೂಲಿನಿಂದ ಗಂಟು ಕಟ್ಟಿ ಒಳಗೆ ಕೂರುತ್ತದೆ. ಹಳೇ ಮೈಸೂರು ಸೀಮೆಯವರು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ರಾಗಿಯನ್ನು ವರ್ಷಗಟ್ಟಲೆ ಕಾಪಾಡಿದ್ದು ಯಾವ ಸೊಪ್ಪಿನ ಬಲದಿಂದಲೂ ಅಲ್ಲ. ಸುತ್ತ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕರಗುತ್ತ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಉಸಿರುಗಟ್ಟಿ ಸಾಯುತ್ತದೆ. ಹಗೇವು ತೆರೆದ ಕೂಡಲೇ ಇಳಿದ ಮನುಷ್ಯರೂ ಹಾಗೇ ಸತ್ತಿದ್ದಾರೆ. ಆ ಕೆಟ್ಟ ಗಾಳಿಗೆ ವಾಸನೆ ಇಲ್ಲ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವ ರೂಢಿ ಬಂದದ್ದು ಅದಕ್ಕೇ.

ಅತಿ ಅಪಾಯದ ತಪ್ಪು ಕಲ್ಪನೆ ಇರುವುದು ಮಾತ್ರೆಗಳ ವಿಷಯದಲ್ಲಿ. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ‘ಬೆಳ್ಳುಳ್ಳಿ ವಾಸನೆ ಹೋಯ್ತು, ಇನ್ನು ಭಯವಿಲ್ಲ’ ಎಂದುಕೊಂಡು ಬಾಗಿಲು ತೆಗೆಯುವವರಿದ್ದಾರೆ. ಶುದ್ಧ ಫಾಸ್ಫೀನಿಗೆ ವಾಸನೆಯೇ ಇಲ್ಲ. ಬೆಳ್ಳುಳ್ಳಿಯ ವಾಸನೆ ಬರುವುದು ಅದರ ಜೊತೆಗಿರುವ ಕಲ್ಮಶಗಳಿಂದ, ಅವನ್ನು ಕಾಳು ಹೀರಿಕೊಂಡರೆ ವಾಸನೆ ಹೋಗಿ ವಿಷ ಉಳಿಯುತ್ತದೆ. ಸರ್ಕಾರಿ ಸಂಸ್ಥೆಗಳಿಗೆ ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮೀಸಲಾದ ಈ ಮಾತ್ರೆ ಜನ ಮಲಗುವ ಮನೆಯೊಳಕ್ಕೆ ಬರಲೇಬಾರದು. ಬಟ್ಟೆಗೆ ಇಡುವ ನುಸಿಗುಳಿಗೆಯನ್ನು ಅಕ್ಕಿ ಡಬ್ಬಕ್ಕೆ ಹಾಕುವುದೂ ಅಷ್ಟೇ ತಪ್ಪು. ಅದರ ನಾಫ್ತಲೀನ್ ರಕ್ತಕಣಗಳನ್ನು ಒಡೆಯಬಲ್ಲದು, ಮಕ್ಕಳಿಗೆ ಹೆಚ್ಚು ಅಪಾಯ.

ಹಾಗಾದರೆ ವಾಸನೆಯಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಓಡಿಸುವುದಕ್ಕಲ್ಲ, ಕರೆಯುವುದಕ್ಕೆ. ಗೋದಾಮುಗಳಲ್ಲಿ ತೂಗುಹಾಕುವ ಮೋಹಕ ಬಲೆಯಲ್ಲಿ ಹುಳದ್ದೇ ವಾಸನೆಯನ್ನು ಕೃತಕವಾಗಿ ತಯಾರಿಸಿ ಇಟ್ಟಿರುತ್ತಾರೆ. ಪತಂಗದ ಬಲೆಗೆ ಬೀಳುವುದು ಸಾಮಾನ್ಯವಾಗಿ ಗಂಡು ಮಾತ್ರ, ಮೊಟ್ಟೆಯಿಡುವ ಹೆಣ್ಣು ಹೊರಗೇ ಉಳಿಯುತ್ತದೆ. ಆದ್ದರಿಂದ ಬಲೆ ಹುಳ ಬಂದಿದೆಯೆಂದು ತಿಳಿಸುತ್ತದೆಯೇ ಹೊರತು ಅದನ್ನು ಮುಗಿಸುವುದಿಲ್ಲ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ರೂಪಿಸಿದ ತೂತಿನ ಕೊಳವೆಯ ಬಲೆಗೆ ವಾಸನೆಯೂ ಬೇಕಿಲ್ಲ. ಕಾಳಿನ ನಡುವೆ ಅದನ್ನು ಚುಚ್ಚಿಟ್ಟರೆ ಗಾಳಿಯಾಡುವ ಕಡೆಗೆ ಸರಿಯುವ ಹುಳ ತೂತಿನೊಳಗೆ ಜಾರಿ ಕೆಳಗಿನ ಬಟ್ಟಲಿಗೆ ಬೀಳುತ್ತದೆ.

ಮನೆ ಬಳಕೆಯ ಅವರೆ, ಅಲಸಂದೆಗೆ ಎಲ್ಲಕ್ಕಿಂತ ಅಗ್ಗದ ಉಪಾಯ ಬಿಸಿಲು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಕಲ್ಲಿಡಬೇಕು. ಕಾಳು 57 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಒಂದು ಗಂಟೆ ಹಾಗೇ ಇದ್ದರೆ ಮೊಟ್ಟೆ, ಕಾಳಿನೊಳಗಿನ ಮರಿ, ಹುಳ ಮೂರೂ ಸಾಯುತ್ತವೆ. ಆಮೇಲೆ ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಕ್ಕೆ ಅಂಚಿನತನಕ ತುಂಬಿ ಬಿಗಿಯಾಗಿ ಮುಚ್ಚಬೇಕು. ಕಾಳು ಒಕ್ಕಿದ ವಾರದೊಳಗೇ ಇಷ್ಟು ಮಾಡಿದರೆ ಒಳ್ಳೆಯದು, ತಡವಾದಷ್ಟೂ ಹೊಲದಿಂದ ಬಂದ ಮರಿ ಕಾಳನ್ನು ಒಳಗೇ ತಿಂದು ಮುಗಿಸುತ್ತಿರುತ್ತದೆ.