ಚಿಪ್ಪು ಎಸೆದ ಹುಡುಗ, ಬಾಗಿದ ಚೆಂಡು

ಬೇಸ್‌ಬಾಲ್ ನಮ್ಮ ಮಕ್ಕಳು ಆಡುವ ಆಟವಲ್ಲ. ಆದರೆ ಎಸೆದ ಚೆಂಡು ಗಾಳಿಯಲ್ಲೇ ಏಕೆ ಬಾಗುತ್ತದೆ ಎಂಬ ಪ್ರಶ್ನೆ ಕ್ರಿಕೆಟ್ ಆಡುವ ಎಲ್ಲ ಹುಡುಗರದೂ ಹೌದು. ಅಮೆರಿಕದಲ್ಲಿ ಈ ಪ್ರಶ್ನೆಯೊಂದಿಗೆ ಅಂಟಿಕೊಂಡಿರುವ ಹೆಸರು ವಿಲಿಯಂ ಆರ್ಥರ್ ಕಮಿಂಗ್ಸ್.

ಈತ ಹುಟ್ಟಿದ್ದು 1848ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವೇರ್ ಎಂಬ ಊರಿನಲ್ಲಿ. ಹದಿನಾಲ್ಕರ ವಯಸ್ಸಿನಲ್ಲಿ, 1863ರ ಬೇಸಗೆಯಲ್ಲಿ, ಬ್ರೂಕ್ಲಿನ್‌ನ ಕಡಲ ದಂಡೆಯಲ್ಲಿ ಗೆಳೆಯರೊಂದಿಗೆ ಚಿಪ್ಪುಗಳನ್ನು ಎಸೆಯುತ್ತಿದ್ದನಂತೆ. ಚಿಪ್ಪು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ವಾಲುತ್ತಿತ್ತು. ಚೆಂಡನ್ನೂ ಹೀಗೆ ಬಾಗಿಸಿದರೆ ಗೆಳೆಯರನ್ನು ಮಂಗ ಮಾಡಬಹುದಲ್ಲ ಎಂದುಕೊಂಡ. (ನಿಜವಾಗಿ ಚಪ್ಪಟೆ ಚಿಪ್ಪು ವಾಲುವ ಕಾರಣವೇ ಬೇರೆ, ದುಂಡು ಚೆಂಡು ಬಾಗುವ ಕಾರಣವೇ ಬೇರೆ. ಹುಡುಗನಿಗೆ ಅದು ಗೊತ್ತಿರದಿದ್ದುದೇ ಒಳ್ಳೆಯದಾಯಿತು!)

ಕೆಲಸ ಸುಲಭದ್ದಾಗಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನಿಗೆ ಪಿಚರ್ ಎನ್ನುತ್ತಾರೆ. ನಮ್ಮ ಸ್ಪಿನ್ ಬೌಲರ್‌ಗೆ ಚೆಂಡನ್ನು ತಿರುಗಿಸಲು ನೆಲದ ನೆರವುಂಟು. ಪಿಚರ್‌ನ ಚೆಂಡು ನೆಲ ಮುಟ್ಟುವುದೇ ಇಲ್ಲ. ಮೇಲಾಗಿ ಆ ಕಾಲದ ನಿಯಮದಂತೆ ಕೈಯನ್ನು ಸೊಂಟದಿಂದ ಮೇಲೆತ್ತದೆ, ತೋಳು ಮಡಿಸದೆ ಎಸೆಯಬೇಕಿತ್ತು. ಉಳಿದದ್ದು ಮಣಿಕಟ್ಟು ಮತ್ತು ಬೆರಳುಗಳು ಮಾತ್ರ. ಗೆಳೆಯರು ನಗುತ್ತಿದ್ದರು. ಬೇರೆ ಬೇರೆ ರೀತಿ ಹಿಡಿದು, ಬೇರೆ ಬೇರೆ ರೀತಿ ಬಿಟ್ಟು ನೋಡುತ್ತ ನಾಲ್ಕು ವರ್ಷ ಕಳೆದವು. 1867ರಲ್ಲಿ ಎಕ್ಸೆಲ್ಸಿಯರ್ ಕ್ಲಬ್ಬಿನ ಪರವಾಗಿ ಹಾರ್ವರ್ಡ್ ಕಾಲೇಜಿನ ಎದುರು ಆಡುವಾಗ ಬ್ಯಾಟುಗಾರ ಬೀಸಿದ ಬ್ಯಾಟಿನಿಂದ ಚೆಂಡು ತಪ್ಪಿಸಿಕೊಂಡು ಬಾಗಿ ಹೋಯಿತು. ಆ ಕ್ಷಣದ ಸಂತೋಷವನ್ನು ತಾನೆಂದೂ ಮರೆಯಲಾರೆ ಎಂದು 1908ರ ಲೇಖನವೊಂದರಲ್ಲಿ ಆತನೇ ಬರೆದಿದ್ದಾನೆ.

ಚೆಂಡು ಬಾಗುವುದೇಕೆ? ಗಿರಗಿರನೆ ತಿರುಗುವ ಚೆಂಡು ತನ್ನ ಮೈಗಂಟಿದ ಗಾಳಿಯನ್ನೂ ಜೊತೆಗೆ ಎಳೆಯುತ್ತದೆ. ಆದ್ದರಿಂದ ಚೆಂಡಿನ ಹಿಂದೆ ಹೊರಡುವ ಗಾಳಿ ನೇರವಾಗಿ ಹೋಗದೆ ಒಂದು ಪಕ್ಕಕ್ಕೆ ತಿರುಗುತ್ತದೆ. ಚೆಂಡು ಗಾಳಿಯನ್ನು ಅತ್ತ ನೂಕಿದರೆ ಗಾಳಿ ಚೆಂಡನ್ನು ಇತ್ತ ನೂಕಲೇಬೇಕಲ್ಲವೇ? ನ್ಯೂಟನ್ನನ ಮೂರನೆಯ ನಿಯಮ! ಟೆನಿಸ್ ಚೆಂಡು ಹೀಗೆ ಬಾಗುವುದನ್ನು ನ್ಯೂಟನ್ 1672ರಲ್ಲೇ ಗುರುತಿಸಿದ್ದ. ಬರ್ಲಿನ್ನಿನ ಮ್ಯಾಗ್ನಸ್ 1852ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದ. ಇಂದು ಇದಕ್ಕೆ ಮ್ಯಾಗ್ನಸ್ ಪರಿಣಾಮವೆಂದೇ ಹೆಸರು.

ಕಮಿಂಗ್ಸ್ ಸಣಕಲು ಆಳು. ತೂಕ ಸುಮಾರು 54 ಕಿಲೋ. 'ಕ್ಯಾಂಡಿ' ಎಂಬ ಅಡ್ಡಹೆಸರು ಮಿಠಾಯಿ ಆಸೆಗೆ ಬಂದದ್ದಲ್ಲ. ಅತ್ಯುತ್ತಮ ಎಂಬುದಕ್ಕೆ ಆಗಿನವರು ಬಳಸುತ್ತಿದ್ದ ಮಾತದು. ಮೊದಲ ವೃತ್ತಿಪರ ಲೀಗ್ ಆರಂಭವಾದ ಮರುವರ್ಷ, 1872ರಲ್ಲಿ, ನ್ಯೂಯಾರ್ಕ್ ಮ್ಯೂಚುಯಲ್ಸ್ ತಂಡಕ್ಕೆ 33 ಪಂದ್ಯ ಗೆದ್ದುಕೊಟ್ಟ. 1875ರಲ್ಲಿ ಹಾರ್ಟ್‌ಫರ್ಡ್ ತಂಡಕ್ಕೆ 35. ಆದರೆ ಗುಟ್ಟು ಎಷ್ಟು ದಿನ ಗುಟ್ಟಾಗಿದ್ದೀತು? ಅದೇ ತಂಡದ ಟಾಮಿ ಬಾಂಡ್ ಈತನಿಂದಲೇ ವಿದ್ಯೆ ಕಲಿತು, ಮರುವರ್ಷ ತಂಡದ ಮುಖ್ಯ ಪಿಚರ್ ಆದ. 1876ರ ಸೆಪ್ಟೆಂಬರ್ 9ರಂದು ಒಂದೇ ದಿನ ಎರಡು ಪಂದ್ಯ ಪೂರ್ತಿ ಎಸೆದು ಎರಡನ್ನೂ ಗೆದ್ದದ್ದು ಕಮಿಂಗ್ಸ್‌ನ ಕೊನೆಯ ದೊಡ್ಡ ಸಾಹಸ. 1877ರಲ್ಲಿ ಸಿನ್ಸಿನಾಟಿಗಾಗಿ ಗೆದ್ದದ್ದು 5, ಸೋತದ್ದು 14. ಇಪ್ಪತ್ತೊಂಬತ್ತು ತುಂಬುವ ಮೊದಲೇ ವೃತ್ತಿ ಆಟ ಮುಗಿಯಿತು. ಆಮೇಲೆ ಅಥೋಲ್ ಎಂಬ ಊರಿನಲ್ಲಿ ಬಣ್ಣ ಮತ್ತು ಗೋಡೆಕಾಗದದ ಅಂಗಡಿ ನಡೆಸಿದ. ತೀರಿಕೊಂಡದ್ದು 1924ರಲ್ಲಿ.

ಮೊದಲು ಬಾಗಿಸಿದವನು ನಾನು ಎಂದವನು ಈತನೊಬ್ಬನೇ ಅಲ್ಲ. 1870ರಲ್ಲೇ ಬ್ರೂಕ್ಲಿನ್‌ನಲ್ಲಿ ಕಂಬಗಳನ್ನು ನೆಟ್ಟು ಜನರೆದುರು ತೋರಿಸಿದೆ ಎಂದು ಫ್ರೆಡ್ ಗೋಲ್ಡ್‌ಸ್ಮಿತ್ ಬಹುಕಾಲ ವಾದಿಸಿದ. ಆದರೂ 1939ರಲ್ಲಿ ಬೇಸ್‌ಬಾಲ್ ಕೀರ್ತಿಭವನ ಆ ಗೌರವವನ್ನು ಕಮಿಂಗ್ಸ್‌ಗೇ ಕೊಟ್ಟಿತು. ಗೋಲ್ಡ್‌ಸ್ಮಿತ್ ಅದೇ ವರ್ಷ ತೀರಿಕೊಂಡ.

ಸೋಜಿಗವೆಂದರೆ, ಆಗಲೂ ಚೆಂಡು ಬಾಗುವುದು ಬರೀ ಕಣ್ಣಿನ ಭ್ರಮೆ ಎನ್ನುವವರಿದ್ದರು. ಅಮೆರಿಕದ ಮಾನಕ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾಗಿದ್ದ ಲೈಮನ್ ಬ್ರಿಗ್ಸ್ ಎಂಬತ್ತು ದಾಟಿದ ಮೇಲೆ ಇದರ ಬೆನ್ನು ಹತ್ತಿದರು. ಚೆಂಡಿಗೆ ಉದ್ದನೆಯ ಪಟ್ಟಿ ಅಂಟಿಸಿ, ವಾಷಿಂಗ್ಟನ್ ತಂಡದ ಪಿಚರ್‌ಗಳಿಂದ ಎಸೆಸಿ, ಪಟ್ಟಿಯಲ್ಲಿ ಬಿದ್ದ ಸುರುಳಿಗಳನ್ನು ಎಣಿಸಿದರು. ಚೆಂಡು ಎಷ್ಟು ಸುತ್ತು ತಿರುಗಿತೆಂದು ತಿಳಿಯಿತು. ಆಮೇಲೆ ಗಾಳಿ ಸುರಂಗದಲ್ಲಿ ತಿರುಗುವ ಚೆಂಡನ್ನು ಬೀಳಿಸಿ ಅಳೆದರು. 1959ರಲ್ಲಿ ಲೆಕ್ಕ ಪ್ರಕಟವಾಯಿತು: ಪಿಚರ್ ಕೈಬಿಟ್ಟ ಚೆಂಡು ಬ್ಯಾಟುಗಾರನನ್ನು ತಲುಪುವಷ್ಟರಲ್ಲಿ ಹದಿನೇಳೂವರೆ ಅಂಗುಲದವರೆಗೆ ಬಾಗಬಲ್ಲದು.